ಕಂದು ಕಲ್ಲಿನ ಬೀದಿಗಳನ್ನು ಕಾದವರು

ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿರುವ ಬೆಡ್‌ಫರ್ಡ್-ಸ್ಟೈವೆಸೆಂಟ್ ಎಂಬ ಬಡಾವಣೆಯ ಬಗ್ಗೆ ಮನೆ ಬ್ರೋಕರ್‌ಗಳ ಜಾಹೀರಾತು ಓದಿದರೆ ಸಿಗುವುದು ಒಂದೇ ಕಥೆ. ಒಂದು ಕಾಲದಲ್ಲಿ ಭರ್ಜರಿಯಾಗಿತ್ತು, ಆಮೇಲೆ ಹಾಳಾಯಿತು, ಈಗ ಮತ್ತೆ ಜೀವ ಬಂದಿದೆ. ಹಾಳು ಮಾಡಿದ್ದು ಯಾರು, ಜೀವ ತುಂಬಿದ್ದು ಯಾರು ಅಂತ ಅದರಲ್ಲಿ ಬರೆದಿರುವುದಿಲ್ಲ. ಓದುವವರು ತಾವೇ ಊಹಿಸಿಕೊಳ್ಳುತ್ತಾರೆ. ಹಾಳು ಮಾಡಿದ್ದು ಅಲ್ಲಿ ಇದ್ದವರು, ಜೀವ ತುಂಬಿದ್ದು ಆಮೇಲೆ ಬಂದವರು.

ನಾನು ಈ ಆಮೇಲೆ ಬಂದವರ ಪೈಕಿ. ಇಲ್ಲಿನ ಒಂದು ಹಳೇ ಮನೆಯ ಒಂದು ಮಹಡಿಯಲ್ಲಿ ಬಾಡಿಗೆಗೆ ಇದ್ದೇನೆ. ಈ ಬೀದಿಗಳ ಚರಿತ್ರೆಯನ್ನು ಓದುತ್ತಾ, ಪಕ್ಕದ ಮನೆಯವರ ಮಾತು ಕೇಳುತ್ತಾ ಹೋದ ಹಾಗೆ ಆ ಜಾಹೀರಾತಿನ ಕಥೆಯ ಮೇಲೆ ನನಗೆ ಸಿಟ್ಟು ಜಾಸ್ತಿಯಾಗಿದೆ. ಈ ಮನೆಗಳು ಇವತ್ತು ನಿಂತಿರುವುದಕ್ಕೆ ಕಾರಣರಾದವರ ಹೆಸರೇ ಅದರಲ್ಲಿ ಇಲ್ಲ. ಅವರ ಬಗ್ಗೆ ಬರೆಯಬೇಕು ಅಂತ ತುಂಬಾ ದಿನದಿಂದ ಅನ್ನಿಸುತ್ತಿತ್ತು.

ಮೊದಲು ಮನೆಗಳ ವಿಷಯ. ಬೆಡ್-ಸ್ಟೈ (ಇಲ್ಲಿ ಎಲ್ಲರೂ ಹೀಗೇ ಕರೆಯುವುದು) ಕಡೆ ಬಂದವರ ಕಣ್ಣಿಗೆ ಮೊದಲು ಬೀಳುವುದು ಸಾಲುಮನೆಗಳು. ಒಂದಕ್ಕೊಂದು ಅಂಟಿಕೊಂಡು, ಮೂರು ನಾಲ್ಕು ಮಹಡಿ ಎತ್ತರಕ್ಕೆ, ಬೀದಿಯ ಈ ತುದಿಯಿಂದ ಆ ತುದಿವರೆಗೆ ನಿಂತಿರುತ್ತವೆ. ಒಂದೊಂದರ ಅಗಲ ಸುಮಾರು 16ರಿಂದ 20 ಅಡಿ. ಮುಂದೆ ಕಬ್ಬಿಣದ ಬೇಲಿ, ಅದರೊಳಗೆ ಒಂದು ಪುಟ್ಟ ಅಂಗಳ, ಅಲ್ಲಿಂದ ಮೊದಲ ಮಹಡಿಯ ಬಾಗಿಲಿಗೆ ಅಗಲವಾದ ಕಲ್ಲಿನ ಮೆಟ್ಟಿಲು. ಈ ಮೆಟ್ಟಿಲ ಸಾಲಿಗೆ ಸ್ಟೂಪ್ ಅನ್ನುತ್ತಾರೆ. ಅದರ ಕೆಳಗೆ ಇನ್ನೊಂದು ಸಣ್ಣ ಬಾಗಿಲು. ಕಟ್ಟಿದ ಕಾಲದಲ್ಲಿ ಮನೆಯವರು, ನೆಂಟರು ಮೇಲಿನ ಬಾಗಿಲಿಂದ, ಕೆಲಸದವರು ಮತ್ತು ಸಾಮಾನು ಕೆಳಗಿನ ಬಾಗಿಲಿಂದ. ಮೇಲಿನ ಬಾಗಿಲು ದಾಟಿದರೆ ಎತ್ತರದ ಸೀಲಿಂಗಿನ ಪಡಸಾಲೆ, ಅಮೃತಶಿಲೆಯ ಬೆಂಕಿಗೂಡು, ಗೋಡೆಯೊಳಕ್ಕೆ ಸರಿದುಹೋಗುವ ಮರದ ಬಾಗಿಲುಗಳು. ಒಂದು ಕುಟುಂಬಕ್ಕೆ ಅಂತ ಕಟ್ಟಿದ ಈ ಮನೆಗಳಲ್ಲಿ ಈಗ ಮಹಡಿಗೊಂದು ಸಂಸಾರ ಇರುವುದು ಸಾಮಾನ್ಯ.

ಈ ಮನೆಗಳನ್ನು ಬ್ರೌನ್‌ಸ್ಟೋನ್ ಅಂತ ಕರೆಯುತ್ತಾರೆ. ಬ್ರೌನ್‌ಸ್ಟೋನ್ ಅಂದರೆ ಕಂದು ಬಣ್ಣದ ಮರಳುಗಲ್ಲು. ನ್ಯೂಯಾರ್ಕಿಗೆ ಇದು ಮುಖ್ಯವಾಗಿ ಬಂದದ್ದು ಕನೆಕ್ಟಿಕಟ್ ರಾಜ್ಯದ ಪೋರ್ಟ್‌ಲ್ಯಾಂಡ್ ಎಂಬ ಊರಿನ ಗಣಿಗಳಿಂದ. ಗಣಿ ಇದ್ದದ್ದು ನದಿಯ ದಡದಲ್ಲೇ. ಹಾಗಾಗಿ ಕಲ್ಲನ್ನು ದೋಣಿಗೇರಿಸಿ ನೀರಿನ ದಾರಿಯಲ್ಲೇ ತರಬಹುದಿತ್ತು. ನ್ಯೂಜೆರ್ಸಿಯ ಗಣಿಗಳಿಂದಲೂ ಒಂದಿಷ್ಟು ಬಂತು. ಸುಮಾರು 20 ಕೋಟಿ ವರ್ಷ ಹಳೆಯ ಕಲ್ಲು. ಅದರಲ್ಲಿರುವ ಕಬ್ಬಿಣದ ಅಂಶವೇ ಆ ಬಣ್ಣಕ್ಕೆ ಕಾರಣ. ಮೆದುವಾದ್ದರಿಂದ ಕೆತ್ತುವುದು ಸುಲಭ, ಬೆಲೆಯೂ ಕಮ್ಮಿ. ಮಧ್ಯಮ ವರ್ಗದವರಿಗೆ ಸಿರಿವಂತರ ಮನೆಯ ಗತ್ತು ಕಮ್ಮಿ ಖರ್ಚಿನಲ್ಲಿ ಸಿಕ್ಕಿತು. ನಿಜ ಹೇಳಬೇಕೆಂದರೆ ಇವು ಕಲ್ಲಿನ ಮನೆಗಳೇ ಅಲ್ಲ. ಗೋಡೆ ಪೂರ್ತಿ ಇಟ್ಟಿಗೆಯದ್ದು. ಬೀದಿಗೆ ಕಾಣುವ ಮುಖಕ್ಕೆ ಮಾತ್ರ ನಾಲ್ಕಾರು ಇಂಚು ದಪ್ಪದ ಕಲ್ಲಿನ ಹಾಸು. ಇಟ್ಟಿಗೆ ಅಥವಾ ಸುಣ್ಣಗಲ್ಲಿನ ಮುಖ ಇರುವ ಮನೆಗಳನ್ನೂ ಜನ ಈಗ ಬ್ರೌನ್‌ಸ್ಟೋನ್ ಅಂತಲೇ ಕರೆಯುತ್ತಾರೆ.

ಆ ಕಲ್ಲಿಗೆ ಒಂದು ದೊಡ್ಡ ಕಾಯಿಲೆ ಇದೆ. ಮರಳುಗಲ್ಲು ಪದರ ಪದರವಾಗಿ ಹುಟ್ಟಿದ್ದು. ಭೂಮಿಯಲ್ಲಿ ಆ ಪದರಗಳು ಹೇಗೆ ಮಲಗಿದ್ದವೋ ಹಾಗೇ ಮಲಗಿಸಿ ಗೋಡೆ ಕಟ್ಟಿದರೆ ಗಟ್ಟಿಯಾಗಿ ಬಾಳುತ್ತದೆ. ಆದರೆ ಮುಖಕ್ಕೆ ಹೊದಿಸಲು ತೆಳ್ಳಗಿನ ಹಾಸುಗಳು ಬೇಕಲ್ವಾ? ಬಿಲ್ಡರ್‌ಗಳು ಕಲ್ಲನ್ನು ಪದರದ ಗುಂಟ ಸೀಳಿ, ಎತ್ತಿ ನಿಲ್ಲಿಸಿ ಗೋಡೆಗೆ ಕೂರಿಸಿದರು. ಮಳೆನೀರು ಪದರಗಳ ಸಂದಿಗೆ ಇಳಿಯಿತು. ಚಳಿಗಾಲದಲ್ಲಿ ಅದು ಹೆಪ್ಪುಗಟ್ಟಿ ಹಿಗ್ಗಿತು. ಪದರಗಳು ಒಂದೊಂದಾಗಿ ಎದ್ದು ಉದುರತೊಡಗಿದವು. ಕಟ್ಟಿದ ಕೆಲವೇ ದಶಕಗಳಲ್ಲಿ ಈ ದೂರು ಶುರುವಾಗಿತ್ತು. 19ನೇ ಶತಮಾನದ ಕೊನೆಗೆ ಬಿಳಿ ಸುಣ್ಣಗಲ್ಲಿನ ಫ್ಯಾಷನ್ ಬಂದು ಕಂದು ಕಲ್ಲು ಹಿಂದೆ ಬಿತ್ತು. ಪೋರ್ಟ್‌ಲ್ಯಾಂಡಿನ ಗಣಿಗಳು 1930ರ ದಶಕದ ಪ್ರವಾಹದಲ್ಲಿ ಮುಳುಗಿದವು.

ಇಷ್ಟನ್ನೂ ಹೇಳಿದ್ದಕ್ಕೆ ಕಾರಣ ಇದೆ. ಇಂಥ ಮನೆ ತನ್ನಷ್ಟಕ್ಕೆ ತಾನು ನೂರೈವತ್ತು ವರ್ಷ ನಿಲ್ಲುವುದಿಲ್ಲ. ಯಾರಾದರೂ ಅದರ ಹಿಂದೆ ಬಿದ್ದು ನೋಡಿಕೊಳ್ಳಲೇಬೇಕು, ಪ್ರತಿ ತಲೆಮಾರಿನಲ್ಲೂ.

ಹೋದ ವಸಂತದಲ್ಲಿ ಎದುರು ಮನೆಯ ಸ್ಟೂಪ್ ರಿಪೇರಿ ನಡೆಯಿತು. ಗಯಾನಾದಿಂದ ಬಂದ ಒಬ್ಬರು ವಯಸ್ಸಾದ ಮೇಸ್ತ್ರಿ, ಜೊತೆಗೆ ಇಬ್ಬರು ಹುಡುಗರು. ನಾನು ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಸ್ವಲ್ಪ ಹೊತ್ತು ನಿಂತು ನೋಡುತ್ತಿದ್ದೆ. ಮೊದಲು ಅವರು ಸುತ್ತಿಗೆಯ ಹಿಡಿಯಿಂದ ಮೆಟ್ಟಿಲನ್ನು ತಟ್ಟುತ್ತಾ ಹೋದರು. ಗಟ್ಟಿ ಕಲ್ಲು ಟಣ್ ಅನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಲ್ಲು ಬೊದ್ದು ಸದ್ದು ಮಾಡುತ್ತದೆ. ಬೊದ್ದು ಸದ್ದು ಬಂದಲ್ಲೆಲ್ಲ ಸೀಮೆಸುಣ್ಣದ ಗುರುತು. ಆಮೇಲೆ ಉಳಿ ಹಿಡಿದು ಸತ್ತ ಕಲ್ಲನ್ನು ಪೂರ್ತಿ ಕೆತ್ತಿ ತೆಗೆದರು. ಒಳಗಿನ ಗಟ್ಟಿ ಕಲ್ಲಿಗೆ ಅಲ್ಲಲ್ಲಿ ಸಣ್ಣ ತೂತು ಕೊರೆದರು. ಹೊಸ ಗಾರೆಗೆ ಹಿಡಿತ ಸಿಗಲಿ ಅಂತ. ನೀರು ಹಾಕಿ ತೋಯಿಸಿ, ಮೇಲೆ ತೆಳ್ಳಗಿನ ಸಿಮೆಂಟಿನ ತಿಳಿ ಬಳಿದು, ಅದು ಹಸಿಯಿರುವಾಗಲೇ ಮೊದಲ ಗಾರೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಮರಳು. ಅದರ ಮೈಯನ್ನು ಗೀರಿ ಒರಟು ಮಾಡಿ ಒಣಗಲು ಬಿಟ್ಟು, ಮೇಲೆ ಇನ್ನೊಂದು ಪದರ. ಕಡೆಯ ಪದರಕ್ಕೆ ಪುಡಿ ಮಾಡಿದ ಕಂದು ಕಲ್ಲನ್ನೂ ಬಣ್ಣದ ಪುಡಿಯನ್ನೂ ಬೆರೆಸಿದರು. ಬಣ್ಣ ಸರಿಹೊಂದಿಸಲು ಎಷ್ಟೋ ಸಣ್ಣ ಸಣ್ಣ ತುಂಡುಗಳನ್ನು ಮಾಡಿ ಒಣಗಿಸಿ, ಹಳೇ ಕಲ್ಲಿನ ಪಕ್ಕ ಹಿಡಿದು ನೋಡುತ್ತಿದ್ದರು. ಕರಣೆಯಲ್ಲಿ ಮೆಟ್ಟಿಲಿನ ಮೂಗನ್ನು ತೀಡುವಾಗ ಅವರು ಯಾರ ಜೊತೆಯೂ ಮಾತಾಡುತ್ತಿರಲಿಲ್ಲ.

ಆ ಮನೆಯ ಅಜ್ಜಿ ಮೇಲಿನ ಕಿಟಕಿಯಿಂದ ದಿನಾ ನೋಡುತ್ತಿದ್ದರು. ಅದು ಅವರ ಅಪ್ಪ ಅಮ್ಮ ಕೊಂಡ ಮನೆ. "ಈ ಮೆಟ್ಟಿಲನ್ನು ನಾನು ಹುಡುಗಿಯಾಗಿದ್ದಾಗ ನನ್ನಪ್ಪ ತಾನೇ ರಿಪೇರಿ ಮಾಡಿದ್ದ. ಮೇಸ್ತ್ರಿಗೆ ಕೊಡಲು ದುಡ್ಡಿರಲಿಲ್ಲ. ಬ್ಯಾಂಕಿನವರು ಸಾಲ ಕೊಡಲ್ಲ ಅಂದಿದ್ದರು" ಅಂದರು ನನ್ನ ಹತ್ತಿರ. ಅವರ ಅಪ್ಪನಿಗೆ ಬ್ಯಾಂಕು ಯಾಕೆ ಸಾಲ ಕೊಡಲಿಲ್ಲ ಅನ್ನುವುದೇ ಈ ಬಡಾವಣೆಯ ಅರ್ಧ ಚರಿತ್ರೆ.

ಆದರೆ ಅದಕ್ಕೂ ನೂರು ವರ್ಷ ಹಿಂದೆ ಹೋಗಬೇಕು. ಇಲ್ಲಿ ಕಂದು ಕಲ್ಲಿನ ಮನೆಗಳು ಏಳುವ ಮೊದಲೇ, ಬೆಡ್-ಸ್ಟೈನ ಅಂಚಿನಲ್ಲಿ, ಈಗ ಕ್ರೌನ್ ಹೈಟ್ಸ್ ಅನ್ನುವ ಕಡೆ, ವೀಕ್ಸ್‌ವಿಲ್ ಎಂಬ ಊರೊಂದಿತ್ತು. ನ್ಯೂಯಾರ್ಕ್ ರಾಜ್ಯದಲ್ಲಿ ಗುಲಾಮಗಿರಿ ಪೂರ್ತಿ ಮುಗಿದದ್ದು 1827ರಲ್ಲಿ. 1838ರಲ್ಲಿ ಜೇಮ್ಸ್ ವೀಕ್ಸ್ ಎಂಬ ಕಪ್ಪು ಮನುಷ್ಯ, ಬಂದರಿನಲ್ಲಿ ಹಡಗಿನ ಸರಕು ಇಳಿಸುವ ಕೆಲಸದವರು, ಇಲ್ಲಿ ಜಮೀನು ಕೊಂಡರು. ಅವರ ಹಿಂದೆ ಬೇರೆಯವರೂ ಬಂದು ಕೊಂಡರು. ಸುಮ್ನೆ ಸೂರಿಗೋಸ್ಕರ ಮಾತ್ರ ಅಲ್ಲ. ಆಗಿನ ಕಾನೂನಿನಲ್ಲಿ ಕಪ್ಪು ಗಂಡಸರು ಓಟು ಹಾಕಬೇಕಾದರೆ ಕನಿಷ್ಠ 250 ಡಾಲರ್ ಬೆಲೆಯ ಆಸ್ತಿ ಹೊಂದಿರಬೇಕಿತ್ತು. ಬಿಳಿಯ ಗಂಡಸರಿಗೆ ಅಂಥ ಷರತ್ತು ಇರಲಿಲ್ಲ. ಹಾಗಾಗಿ ಒಂದು ತುಂಡು ನೆಲ ಅಂದರೆ ಒಂದು ಓಟು.

1850ರ ದಶಕಕ್ಕೆ ವೀಕ್ಸ್‌ವಿಲ್‌ನಲ್ಲಿ 500ಕ್ಕೂ ಹೆಚ್ಚು ಜನ ಇದ್ದರು. ಅವರದ್ದೇ ಶಾಲೆ, ಚರ್ಚು, ಆಮೇಲೆ ಅನಾಥಾಲಯ, ವೃದ್ಧಾಶ್ರಮ. ಮುಂದೆ 'ಫ್ರೀಡ್‌ಮನ್ಸ್ ಟಾರ್ಚ್‌ಲೈಟ್' ಎಂಬ ಪತ್ರಿಕೆಯೂ ಬಂತು. ನ್ಯೂಯಾರ್ಕ್ ರಾಜ್ಯದ ಮೊದಲ ಕಪ್ಪು ಮಹಿಳಾ ಡಾಕ್ಟರ್ ಸೂಸನ್ ಸ್ಮಿತ್ ಮೆಕಿನ್ನಿ ಈ ಊರಿನವರು. 1863ರ ಜುಲೈನಲ್ಲಿ ಮ್ಯಾನ್‌ಹಾಟನ್‌ನಲ್ಲಿ ಸೈನ್ಯಕ್ಕೆ ಕಡ್ಡಾಯ ಭರ್ತಿಯ ವಿರುದ್ಧ ಗಲಭೆ ಎದ್ದು, ಕಪ್ಪು ಜನರನ್ನು ಹುಡುಕಿ ಹುಡುಕಿ ಕೊಂದಾಗ, ತಪ್ಪಿಸಿಕೊಂಡವರು ಓಡಿಬಂದದ್ದು ಇಲ್ಲಿಗೆ.

ಆಮೇಲೆ ನಗರ ಬೆಳೆದು ಈ ಊರನ್ನು ನುಂಗಿಬಿಟ್ಟಿತು. ಚೌಕಾಕಾರದ ಹೊಸ ಬೀದಿಗಳು ಹಳೇ ದಾರಿಗಳನ್ನು ಅಳಿಸಿದವು. ಜನ ಮರೆತರು. 1968ರಲ್ಲಿ ಜೇಮ್ಸ್ ಹರ್ಲಿ ಎಂಬ ಇತಿಹಾಸಕಾರರು ಜೋಸೆಫ್ ಹೇನ್ಸ್ ಎಂಬ ಪೈಲಟ್ ಜೊತೆ ಸಣ್ಣ ವಿಮಾನದಲ್ಲಿ ಹಾರುತ್ತಾ ಹುಡುಕಿದಾಗ, ಬೀದಿಗಳ ಚೌಕಟ್ಟಿಗೆ ಹೊಂದದೆ ಓರೆಯಾಗಿ ಉಳಿದಿದ್ದ ಒಂದು ಹಳೇ ದಾರಿಯ ತುಂಡು ಕಂಡಿತು. ಹಂಟರ್‌ಫ್ಲೈ ರೋಡ್. ಅದರ ಪಕ್ಕ ನಾಲ್ಕು ಮರದ ಮನೆಗಳು. ಜೋನ್ ಮೇನಾರ್ಡ್ ಎಂಬ ಮಹಿಳೆ ದಶಕಗಳ ಕಾಲ ಅವುಗಳ ಹಿಂದೆ ಬಿದ್ದು ಉಳಿಸಿದರು. ಹತ್ತಿರದ ಶಾಲೆಯ ಮಕ್ಕಳೂ ಹೋಗಿ ಸ್ಮಾರಕ ಆಯೋಗದ ಮುಂದೆ ಮಾತಾಡಿದ್ದರು. 1970ರಲ್ಲಿ ಆ ಮನೆಗಳು ರಕ್ಷಿತ ಸ್ಮಾರಕಗಳಾದವು. ಈಗ ಹೋದರೆ ನೋಡಬಹುದು. ಚಿಕ್ಕ ಮನೆಗಳು, ಮುಂದೆ ಹುಲ್ಲು. ನ್ಯೂಯಾರ್ಕಿಗೆ ಬಂದ ನೆಂಟರು ಸ್ಟ್ಯಾಚ್ಯೂ ಆಫ್ ಲಿಬರ್ಟಿ ತೋರಿಸು ಅಂದಾಗ, ಅದಾದ ಮೇಲೆ ನಾನು ಇಲ್ಲಿಗೂ ಕರೆದುಕೊಂಡು ಬರುತ್ತೇನೆ.

ಕಂದು ಕಲ್ಲಿನ ಕಾಲ ಶುರುವಾದದ್ದು 1870ರ ನಂತರ. 1883ರಲ್ಲಿ ಬ್ರೂಕ್ಲಿನ್ ಸೇತುವೆ ತೆರೆಯಿತು. 1885ರಲ್ಲಿ ಕಂಬಗಳ ಮೇಲಿನ ರೈಲು ಬಂತು. ಮ್ಯಾನ್‌ಹಾಟನ್‌ನಲ್ಲಿ ದುಡಿದು ಬ್ರೂಕ್ಲಿನ್‌ನಲ್ಲಿ ಮಲಗುವುದು ಸಲೀಸಾಯಿತು. ಬಿಲ್ಡರ್‌ಗಳು ಹೊಲಗಳನ್ನು ಕೊಂಡು ಸಾಲು ಸಾಲಾಗಿ ಮನೆ ಎಬ್ಬಿಸಿದರು. ಬಂದವರು ಹೆಚ್ಚಾಗಿ ಜರ್ಮನ್, ಐರಿಶ್, ಆಮೇಲೆ ಯಹೂದಿ ಕುಟುಂಬಗಳು. ಇದು ಒಳ್ಳೆಯ ಕಾಲ, ಚಂದದ ಕಾಲ, ಇದರ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ನಾನು ಮುಂದೆ ಹೋಗುತ್ತೇನೆ.

1936ರಲ್ಲಿ ಫುಲ್ಟನ್ ಸ್ಟ್ರೀಟ್ ಕೆಳಗೆ ಹೊಸ ಸಬ್‌ವೇ ಬಂತು. ಎ ಟ್ರೈನ್. ಒಂದು ಕಡೆ ಮ್ಯಾನ್‌ಹಾಟನ್‌ನಲ್ಲಿ ಕಪ್ಪು ಜನ ಹೆಚ್ಚಾಗಿದ್ದ ಹಾರ್ಲೆಮ್, ಇನ್ನೊಂದು ಕಡೆ ಬೆಡ್-ಸ್ಟೈ. ಹಾರ್ಲೆಮ್‌ನಲ್ಲಿ ಕಪ್ಪು ಜನರಿಗೆ ಬಾಡಿಗೆ ದುಬಾರಿ, ಜಾಗ ಇಕ್ಕಟ್ಟು. ಅವರು ಈ ರೈಲು ಹಿಡಿದು ಇತ್ತ ಬಂದರು. ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂದರು. ಬಾರ್ಬಡೋಸ್, ಟ್ರಿನಿಡಾಡ್‌ನಂಥ ಕೆರಿಬಿಯನ್ ದ್ವೀಪಗಳಿಂದ ಬಂದರು. ಎರಡನೇ ಮಹಾಯುದ್ಧದ ಹೊತ್ತಿಗೆ ಬ್ರೂಕ್ಲಿನ್ ನೌಕಾ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಸಂಬಳ ಕೈಗೆ ಬಂದ ಕೂಡಲೇ ಮನೆ ಕೊಳ್ಳುವ ಆಸೆ. ಬ್ಯಾಂಕಿನ ಬಾಗಿಲು ಮುಚ್ಚಿತ್ತು. ಕೆರಿಬಿಯನ್ ಜನರ ಹತ್ತಿರ ಅದಕ್ಕೆ ಒಂದು ದಾರಿ ಇತ್ತು, ಸೂಸು. ನಮ್ಮ ಚೀಟಿ ಹಾಕುವುದು ಹೇಗೋ ಹಾಗೇ. ಗುಂಪಾಗಿ ಸೇರಿ ವಾರಕ್ಕಿಷ್ಟು ಅಂತ ಹಾಕುವುದು, ಸರದಿಯ ಪ್ರಕಾರ ಒಬ್ಬೊಬ್ಬರು ಇಡೀ ಗಂಟು ಎತ್ತಿಕೊಳ್ಳುವುದು. ಬರವಣಿಗೆ ಇಲ್ಲ, ಬಡ್ಡಿ ಇಲ್ಲ, ನಂಬಿಕೆ ಮಾತ್ರ. ಹೀಗೆ ಎತ್ತಿದ ದುಡ್ಡಿನಲ್ಲಿ ಎಷ್ಟೋ ಮನೆಗಳ ಮುಂಗಡ ಕಟ್ಟಿದ್ದಾರೆ. ಎದುರು ಮನೆ ಅಜ್ಜಿಯ ಅಮ್ಮ ಬಾರ್ಬಡೋಸ್‌ನವರು. ಮನೆಗೆಲಸ ಮಾಡಿ, ಸೂಸು ಎತ್ತಿ, ಆ ಮನೆಗೆ ಮುಂಗಡ ಕೊಟ್ಟವರು ಅವರೇ ಅಂತೆ.

ಇನ್ನು ಬ್ಯಾಂಕಿನ ವಿಷಯ. 1930ರ ದಶಕದಲ್ಲಿ ಅಮೆರಿಕ ಸರ್ಕಾರದ ಒಂದು ಸಂಸ್ಥೆ, ಹೋಮ್ ಓನರ್ಸ್ ಲೋನ್ ಕಾರ್ಪೊರೇಷನ್, ದೇಶದ ದೊಡ್ಡ ನಗರಗಳ ನಕ್ಷೆ ಮಾಡಿ ಪ್ರತಿ ಬಡಾವಣೆಗೂ ದರ್ಜೆ ಕೊಟ್ಟಿತು. ಹಸಿರು ಅಂದರೆ ಸಾಲಕ್ಕೆ ಉತ್ತಮ, ಕೆಂಪು ಅಂದರೆ ಅಪಾಯ. ಬೆಡ್-ಸ್ಟೈಗೆ ಬಿದ್ದದ್ದು ಕೆಂಪು. ಆ ನಕ್ಷೆಯ ಜೊತೆ ಪ್ರತಿ ಪ್ರದೇಶಕ್ಕೂ ಒಂದು ಫಾರಂ ಇದೆ. ಈಗ ಅವು ಅಂತರ್ಜಾಲದಲ್ಲಿ ಎಲ್ಲರಿಗೂ ಓದಲು ಸಿಗುತ್ತವೆ. ನನ್ನ ಬಡಾವಣೆಯ ಫಾರಂ ತೆಗೆದು ಓದಿದೆ. ಕಪ್ಪು ಜನ ಬರುತ್ತಿರುವುದು ಪ್ರದೇಶಕ್ಕೆ ಖಂಡಿತ ಕೆಟ್ಟದ್ದು ಅಂತ ಬರೆದಿದ್ದಾರೆ. ಅದೇ ವಾಕ್ಯದ ಇನ್ನರ್ಧದಲ್ಲಿ, ಆದರೂ ಇವರು ಸರಿಯಾದ ಬೆಲೆ ಕೊಟ್ಟು ಮನೆ ಕೊಳ್ಳುತ್ತಾರೆ, ಸಾಮಾನ್ಯವಾಗಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾರೆ ಅಂತಲೂ ಬರೆದಿದ್ದಾರೆ. ಓದಿ ಎಷ್ಟೋ ಹೊತ್ತು ಸುಮ್ಮನೆ ಕೂತಿದ್ದೆ. ಆ ಅಧಿಕಾರಿಗೆ ಸತ್ಯ ಕಣ್ಣೆದುರೇ ಕಾಣುತ್ತಿತ್ತು. ಈ ಜನ ನ್ಯಾಯವಾದ ಬೆಲೆ ಕೊಡುತ್ತಿದ್ದಾರೆ, ಮನೆ ನಡೆಸಿಕೊಂಡು ಹೋಗುತ್ತಿದ್ದಾರೆ. ಕಂಡದ್ದನ್ನು ಕಂಡ ಹಾಗೆ ಬರೆದು, ಕೆಂಪು ಬಣ್ಣವನ್ನೇ ಬಳಿದರು.

ಒಂದು ನಕ್ಷೆಯೇ ಎಲ್ಲವನ್ನೂ ಮಾಡಿತು ಅನ್ನುವುದು ಸರಿಯಲ್ಲ. 1934ರಲ್ಲಿ ಹುಟ್ಟಿದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ ಗೃಹಸಾಲಗಳಿಗೆ ಸರ್ಕಾರದ ವಿಮೆ ಕೊಡುತ್ತಿತ್ತು. ಅದರ ನಿಯಮಗಳೇ ಇಂಥ ಬಡಾವಣೆಗಳನ್ನು ದೂರ ಇಟ್ಟವು. ಊರ ಹೊರಗಿನ ಹೊಸ ಬಡಾವಣೆಗಳಲ್ಲಿ ಬಿಳಿಯರಿಗೆ ಕಮ್ಮಿ ಬಡ್ಡಿಯಲ್ಲಿ ಸಾಲ ಧಾರಾಳವಾಗಿ ಸಿಕ್ಕಿತು. ಅವರು ಅತ್ತ ಹೋದರು. ಇತ್ತ ಬ್ರೋಕರ್‌ಗಳು ಮನೆ ಮನೆಗೆ ಹೋಗಿ "ಕಪ್ಪು ಜನ ಬರುತ್ತಿದ್ದಾರೆ, ಬೇಗ ಮಾರಿ" ಅಂತ ಹೆದರಿಸಿ ಅಗ್ಗಕ್ಕೆ ಕೊಂಡು, ಕಪ್ಪು ಕುಟುಂಬಗಳಿಗೆ ದುಬಾರಿ ಬೆಲೆಗೆ ಮಾರಿದರು. ಬ್ಯಾಂಕಿನ ಸಾಲ ಇಲ್ಲದ ಮೇಲೆ ಖಾಸಗಿಯವರ ಹತ್ತಿರ ಹೆಚ್ಚಿನ ಬಡ್ಡಿಗೆ ಎರಡೆರಡು ಸಾಲ. ಆ ಕಂತು ತೀರಿಸಲು ಕೋಣೆ ಕೋಣೆಯನ್ನೂ ಬಾಡಿಗೆಗೆ ಕೊಡಬೇಕು. ಪಡಸಾಲೆಯಲ್ಲಿ ಒಂದು ಸಂಸಾರ, ಮಹಡಿಯ ಮೇಲೆ ಇನ್ನೆರಡು. ರಿಪೇರಿಗೆ ದುಡ್ಡು ಎಲ್ಲಿಂದ ಬರಬೇಕು? ಉದುರುವ ಕಲ್ಲಿಗೆ ಬಣ್ಣ ಬಳಿದರು, ಸಿಮೆಂಟು ಮೆತ್ತಿದರು. ನಗರಪಾಲಿಕೆಯವರು ಕಸ ಸರಿಯಾಗಿ ಎತ್ತಲಿಲ್ಲ. ಹೊರಗಿನಿಂದ ನೋಡಿದವರಿಗೆ ಕಂಡದ್ದು 'ಕೊಳೆಗೇರಿ'.

ಆದರೂ ಎಷ್ಟೊಂದು ಜನ ಮನೆ ಬಿಡಲಿಲ್ಲ. ಹಾರ್ಲೆಮ್‌ಗೆ ಹೋಲಿಸಿದರೆ ಬೆಡ್-ಸ್ಟೈನಲ್ಲಿ ಸ್ವಂತ ಮನೆ ಇದ್ದವರು ಜಾಸ್ತಿ. ಬೀದಿಗೊಂದು ಬ್ಲಾಕ್ ಅಸೋಸಿಯೇಷನ್, ಅಂದರೆ ಬೀದಿಯವರ ಸಂಘ, ಕಟ್ಟಿಕೊಂಡರು. ಕಸ ಗುಡಿಸಿದರು, ಬೇಲಿಗೆ ಬಣ್ಣ ಹಚ್ಚಿದರು, ಕಿಟಕಿಗಳಲ್ಲಿ ಹೂವಿನ ಕುಂಡ ಇಟ್ಟರು. ಇದನ್ನೆಲ್ಲ ಮಾಡಿದ್ದು ಹಗಲು ದುಡಿದು ಬಂದವರು, ಮುಕ್ಕಾಲುಪಾಲು ಹೆಂಗಸರು.

1964ರ ಜುಲೈನಲ್ಲಿ ಮ್ಯಾನ್‌ಹಾಟನ್‌ನಲ್ಲಿ ಪೊಲೀಸ್ ಅಧಿಕಾರಿಯೊಬ್ಬ 15 ವರ್ಷದ ಜೇಮ್ಸ್ ಪೊವೆಲ್ ಎಂಬ ಹುಡುಗನನ್ನು ಗುಂಡಿಟ್ಟು ಕೊಂದ. ಹಾರ್ಲೆಮ್ ಹೊತ್ತಿಕೊಂಡಿತು, ಆಮೇಲೆ ಬೆಡ್-ಸ್ಟೈ. ಆಗ ರಾಜಕಾರಣಿಗಳ ಕಣ್ಣು ಇತ್ತ ಬಿತ್ತು. 1966ರ ಫೆಬ್ರವರಿಯಲ್ಲಿ ಸೆನೆಟರ್ ರಾಬರ್ಟ್ ಕೆನಡಿ ಈ ಬೀದಿಗಳಲ್ಲಿ ನಡೆದಾಡಿದರು. ಆಮೇಲೆ ಊರವರ ಜೊತೆ ಸಭೆ. ಅಲ್ಲಿ ಅವರಿಗೆ ಹಾರ ತುರಾಯಿ ಸಿಗಲಿಲ್ಲ. ಜಡ್ಜ್ ಥಾಮಸ್ ಜೋನ್ಸ್, ಬಡಾವಣೆಯ ಹೋರಾಟಗಾರ್ತಿ ಎಲ್ಸಿ ರಿಚರ್ಡ್‌ಸನ್ ಮುಂತಾದವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು: ಅಧ್ಯಯನ ಸಾಕು, ಭಾಷಣ ಸಾಕು, ಕೆಲಸ ಬೇಕು.

ಅದೇ ವರ್ಷದ ಡಿಸೆಂಬರಿನಲ್ಲಿ ಯೋಜನೆ ಘೋಷಣೆಯಾಯಿತು. ಅದರಿಂದ ಹುಟ್ಟಿದ್ದು ಬೆಡ್‌ಫರ್ಡ್ ಸ್ಟೈವೆಸೆಂಟ್ ರೆಸ್ಟೊರೇಷನ್ ಕಾರ್ಪೊರೇಷನ್. ಊರವರೇ ನಡೆಸುವ ಅಭಿವೃದ್ಧಿ ಸಂಸ್ಥೆ ಎಂಬ ಕಲ್ಪನೆಗೆ ಅಮೆರಿಕದಲ್ಲಿ ಮೊದಲ ಮಾದರಿ ಇದೇ. ಅದನ್ನು ಕಟ್ಟಿ ಬೆಳೆಸಿದವರು ಬೆಡ್-ಸ್ಟೈನಲ್ಲೇ ಹುಟ್ಟಿ ಬೆಳೆದ ಫ್ರಾಂಕ್ಲಿನ್ ಥಾಮಸ್. ಮುಂದೆ ಅವರು ಫೋರ್ಡ್ ಫೌಂಡೇಷನ್ ಎಂಬ ದೊಡ್ಡ ದತ್ತಿ ಸಂಸ್ಥೆಯ ಅಧ್ಯಕ್ಷರಾದರು. ಇಲ್ಲಿ ಒಂದು ಮಾತು ಹೇಳಲೇಬೇಕು. ಈ ಯೋಜನೆಗಾಗಿ ವರ್ಷಗಟ್ಟಲೆ ಓಡಾಡಿದ್ದ ಎಲ್ಸಿ ರಿಚರ್ಡ್‌ಸನ್ ಥರದ ಹೆಂಗಸರನ್ನು, ಸಂಸ್ಥೆಯ ಆಡಳಿತ ಗಟ್ಟಿಯಾಗುವ ಹೊತ್ತಿಗೆ ಬದಿಗೆ ಸರಿಸಲಾಯಿತು. ಕೆನಡಿಯ ಹೆಸರು ಎಲ್ಲರಿಗೂ ಗೊತ್ತು. ಎಲ್ಸಿ ರಿಚರ್ಡ್‌ಸನ್ ಹೆಸರು ನನಗೂ ಇಲ್ಲಿಗೆ ಬಂದ ಮೇಲೆಯೇ ಗೊತ್ತಾದದ್ದು.

ಸಂಸ್ಥೆ ಮೊದಲು ಕೈ ಹಾಕಿದ್ದು ಮನೆಗಳ ಮುಖಕ್ಕೆ. 1967ರಲ್ಲಿ ಶುರುವಾದ ಯೋಜನೆ ಅದು. ಊರಿನ ನಿರುದ್ಯೋಗಿ ಹುಡುಗರಿಗೆ ಗಾರೆ, ಬಣ್ಣ, ಕಬ್ಬಿಣದ ಕೆಲಸ ಕಲಿಸಿ, ಅವರಿಂದಲೇ ಸ್ಟೂಪ್, ಬೇಲಿ, ಮುಂಗೋಡೆಗಳ ರಿಪೇರಿ ಮಾಡಿಸಿದರು. ಮನೆಯವರು ಕೊಡಬೇಕಾಗಿದ್ದದ್ದು 25 ಡಾಲರ್. ಒಂದೆರಡು ಮನೆ ಅಲ್ಲ, ಇಡೀ ಬ್ಲಾಕ್ ಒಟ್ಟಿಗೆ. ಹಾಗಾಗಿ ನಿಮ್ಮ ಬೀದಿಗೆ ಸರದಿ ಬರಬೇಕಾದರೆ ಬೀದಿಯವರು ಸೇರಿ ಅರ್ಜಿ ಹಾಕಬೇಕು, ಸಭೆ ಮಾಡಬೇಕು. ಕೆಲಸ ಹುಡುಗರ ಕೈ ಹಿಡಿಯಿತು, ಸಭೆ ಬೀದಿಯವರನ್ನು ಹತ್ತಿರ ತಂದಿತು. ಫುಲ್ಟನ್ ಸ್ಟ್ರೀಟಿನಲ್ಲಿ ಮುಚ್ಚಿಹೋಗಿದ್ದ ಒಂದು ಹಳೇ ಹಾಲಿನ ಬಾಟ್ಲಿಂಗ್ ಕಾರ್ಖಾನೆಯನ್ನು ಕೊಂಡು ಕಚೇರಿ, ಅಂಗಡಿ, ರಂಗಮಂದಿರ ಮಾಡಿದರು. ರಂಗಮಂದಿರಕ್ಕೆ ಗಾಯಕಿ ಬಿಲ್ಲಿ ಹಾಲಿಡೇ ಹೆಸರು. ಇವತ್ತಿಗೂ ಅಲ್ಲಿ ನಾಟಕ ನಡೆಯುತ್ತದೆ. 1968ರಲ್ಲಿ ಇದೇ ಬಡಾವಣೆಯ ಶರ್ಲಿ ಚಿಸಮ್ ಅಮೆರಿಕದ ಕಾಂಗ್ರೆಸ್ಸಿಗೆ ಆರಿಸಿಬಂದರು, ಅಲ್ಲಿ ಕಾಲಿಟ್ಟ ಮೊದಲ ಕಪ್ಪು ಮಹಿಳೆಯಾಗಿ. ಅವರೂ ಬಾರ್ಬಡೋಸ್ ಮೂಲದ ತಾಯಿಯ ಮಗಳು.

ಇವರೆಲ್ಲರಲ್ಲಿ ನನಗೆ ಅತಿ ಇಷ್ಟವಾದವರು ಹ್ಯಾಟಿ ಕಾರ್ಥನ್. ವರ್ಜೀನಿಯಾದಿಂದ ಬಂದು 1928ರಿಂದ ಬೆಡ್-ಸ್ಟೈನಲ್ಲಿ ಇದ್ದವರು. ಅವರು ಬಂದಾಗ ಬೀದಿ ತುಂಬ ಮರ. ವರ್ಷ ಕಳೆದ ಹಾಗೆ ಒಂದೊಂದೇ ಸತ್ತವು. ನಗರಪಾಲಿಕೆ ಬದಲಿ ನೆಡಲಿಲ್ಲ. 1964ರ ಹೊತ್ತಿಗೆ ಅವರ ವರ್ನನ್ ಅವೆನ್ಯೂದಲ್ಲಿ ಬೆರಳೆಣಿಕೆಯ ಮರ ಉಳಿದಿದ್ದವು. ಹ್ಯಾಟಿ ಅವರಿಗೆ ಆಗ 60 ದಾಟಿತ್ತು. ಬೀದಿಯವರನ್ನು ಸೇರಿಸಿ ಬ್ಲಾಕ್ ಅಸೋಸಿಯೇಷನ್ ಕಟ್ಟಿದರು. ಬೀದಿಯಲ್ಲಿ ಬಾರ್ಬೆಕ್ಯೂ ಪಾರ್ಟಿ ಮಾಡಿ ದುಡ್ಡು ಕೂಡಿಸಿ ಸಸಿ ನೆಟ್ಟರು. ಒಂದು ಪಾರ್ಟಿಗೆ ಮೇಯರ್ ಜಾನ್ ಲಿಂಡ್ಸೆ ಅವರನ್ನೇ ಕರೆದರು, ಅವರು ಬಂದೂ ಬಂದರು. ಆಮೇಲೆ ನಗರಪಾಲಿಕೆಯೂ ಕೈ ಜೋಡಿಸಿತು. ಅವರ ನೇತೃತ್ವದಲ್ಲಿ ಬೆಡ್-ಸ್ಟೈನಲ್ಲಿ ನೆಟ್ಟ ಮರಗಳು 1,500ರಷ್ಟು. ಬೀದಿ ಮಕ್ಕಳ ಒಂದು ಪಡೆಯನ್ನೇ ಕಟ್ಟಿದರು. ಗಿಡಕ್ಕೆ ನೀರು ಹಾಕುವುದು, ಬುಡ ಸಡಿಲ ಮಾಡುವುದು ಕಲಿಸಿ, ಅದಕ್ಕೆ ಮಕ್ಕಳಿಗೆ ಒಂದಿಷ್ಟು ಕೈಖರ್ಚಿನ ದುಡ್ಡೂ ಕೊಡಿಸಿದರು.

ಲಫಯೆಟ್ ಅವೆನ್ಯೂದಲ್ಲಿ ಒಂದು ದೊಡ್ಡ ಮ್ಯಾಗ್ನೋಲಿಯಾ ಮರ ಇದೆ. ದಪ್ಪ ಹೊಳೆಯುವ ಎಲೆ, ಅಂಗೈಗಿಂತ ದೊಡ್ಡ ಬಿಳಿ ಹೂವು, ಚಳಿಗಾಲದಲ್ಲೂ ಹಸಿರು. ಇದು ದಕ್ಷಿಣದ ಬೆಚ್ಚಗಿನ ಸೀಮೆಯ ಮರ. 1885ರ ಸುಮಾರಿಗೆ ಯಾರೋ ನಾರ್ತ್ ಕೆರೊಲಿನಾದಿಂದ ಸಸಿ ತಂದು ತಮ್ಮ ಮನೆಯ ಮುಂದೆ ನೆಟ್ಟದ್ದು. ನ್ಯೂಯಾರ್ಕಿನ ಚಳಿಗೆ ಇದು ಉಳಿಯುವುದೇ ಕಷ್ಟ. ಹಿಂದೆ ನಿಂತಿರುವ ಮೂರು ಕಂದು ಕಲ್ಲಿನ ಮನೆಗಳು ಗಾಳಿಯನ್ನು ತಡೆದದ್ದರಿಂದ ಬದುಕಿತು. ಆ ಮನೆಗಳನ್ನು ಕೆಡವುವ ಮಾತು ಬಂದಾಗ ಹ್ಯಾಟಿ ಎದ್ದು ನಿಂತರು. ಮನೆ ಹೋದರೆ ಮರ ಹೋಗುತ್ತದೆ ಅಂತ ಊರಿಗೆಲ್ಲ ಹೇಳಿದರು, ದುಡ್ಡು ಎತ್ತಿದರು. 1970ರಲ್ಲಿ ನಗರ ಆ ಮರವನ್ನೇ ಸ್ಮಾರಕ ಅಂತ ಘೋಷಿಸಿತು. ಮುಂದೆ ಮನೆಗಳೂ ಸ್ಮಾರಕಗಳಾದವು. ಅಲ್ಲಿ ಮಕ್ಕಳಿಗೆ ಗಿಡಮರದ ಪಾಠ ಹೇಳುವ ಕೇಂದ್ರ ಶುರುವಾಯಿತು. ಹ್ಯಾಟಿ 1984ರಲ್ಲಿ ತೀರಿಕೊಂಡರು. ಜೂನ್ ತಿಂಗಳಲ್ಲಿ ಆ ಮರ ಹೂ ಬಿಟ್ಟಾಗ ಬಸ್‌ಸ್ಟಾಪಿನವರೆಗೂ ವಾಸನೆ ಬರುತ್ತದೆ.

ಇದೇ ಹೊತ್ತಿಗೆ ಬ್ರೂಕ್ಲಿನ್‌ನ ಇನ್ನೊಂದು ಕಡೆ, ಪಾರ್ಕ್ ಸ್ಲೋಪ್‌ನಲ್ಲಿ, ಹಳೇ ಮನೆ ಕೊಂಡು ರಿಪೇರಿ ಮಾಡಿಕೊಳ್ಳುವ ಬಿಳಿಯ ಯುವ ದಂಪತಿಗಳ ಚಳವಳಿ ಬೆಳೆಯಿತು. ಎವರೆಟ್ ಮತ್ತು ಎವೆಲಿನ್ ಆರ್ಟ್‌ನರ್ ಅದರ ಮುಂದಾಳುಗಳು. ಅವರಿಗೂ ಬ್ಯಾಂಕುಗಳು ಸಾಲ ಕೊಡಲು ಹಿಂದೆ ಮುಂದೆ ನೋಡಿದ್ದವು. ಅವರ ಶ್ರಮವನ್ನು ನಾನು ಕಡೆಗಣಿಸುವುದಿಲ್ಲ. ಪುನರುಜ್ಜೀವನ ಅಂದ ಕೂಡಲೇ ಪುಸ್ತಕಗಳಲ್ಲಿ ಬರುವುದು ಅವರ ಕಥೆ ಮಾತ್ರ, ಅದಕ್ಕೇ ನಾನು ಇನ್ನೊಂದನ್ನು ಇಷ್ಟು ಉದ್ದ ಹೇಳುತ್ತಿದ್ದೇನೆ. ನ್ಯೂಯಾರ್ಕಿನ ಸ್ಮಾರಕ ಕಾನೂನು ಬಂದದ್ದು 1965ರಲ್ಲಿ. 1971ರಲ್ಲೇ ಸ್ಟೈವೆಸೆಂಟ್ ಹೈಟ್ಸ್ ಭಾಗ ರಕ್ಷಿತ ಪ್ರದೇಶವಾಯಿತು, 2013ರಲ್ಲಿ ಅದನ್ನು ವಿಸ್ತರಿಸಿದರು. ಊರನ್ನೆಲ್ಲ 'ಕೊಳೆಗೇರಿ' ಅಂತ ಪತ್ರಿಕೆಗಳು ಬರೆಯುತ್ತಿದ್ದ ಕಾಲದಲ್ಲೇ ಇಲ್ಲಿಯ ಮನೆಗಳು ಸ್ಮಾರಕ ಎನಿಸಿಕೊಳ್ಳುವಷ್ಟು ಚೆನ್ನಾಗಿ ಉಳಿದಿದ್ದವು. ಉಳಿಸಿಕೊಂಡವರು ಯಾರು ಅಂತ ಬೇರೆ ಹೇಳಬೇಕಾ?

ಈಗ ಈ ಮನೆಗಳಲ್ಲಿ ಎಷ್ಟೋ 20 ಲಕ್ಷ ಡಾಲರ್ ದಾಟಿವೆ. 2010ರಿಂದ 2020ರ ನಡುವೆ ಬೆಡ್-ಸ್ಟೈನಲ್ಲಿ ಕಪ್ಪು ನಿವಾಸಿಗಳು 22 ಸಾವಿರಕ್ಕೂ ಹೆಚ್ಚು ಕಮ್ಮಿಯಾದರು, ಬಿಳಿಯರು 30 ಸಾವಿರಕ್ಕೂ ಹೆಚ್ಚು ಜಾಸ್ತಿಯಾದರು. ಜನಗಣತಿಯ ಲೆಕ್ಕ ಇದು. ಕೆಲವರು ಒಳ್ಳೆಯ ಬೆಲೆಗೆ ಮಾರಿ ಖುಷಿಯಾಗಿ ದಕ್ಷಿಣಕ್ಕೆ ಹೋದರು. ಅದು ಅವರು ಗಳಿಸಿದ ಹಕ್ಕು, ನನಗೆ ಅದರಲ್ಲಿ ಸಂತೋಷವೇ. ನೋವು ಬೇರೆ ಕಡೆ ಇದೆ. ನ್ಯೂಯಾರ್ಕಿನಲ್ಲಿ ಬಾಡಿಗೆ ಏರಿಕೆಗೆ ಮಿತಿ ಹಾಕುವ ಹಳೆಯ ಕಾನೂನು ಸಾಮಾನ್ಯವಾಗಿ ಅನ್ವಯಿಸುವುದು ಆರು ಅಥವಾ ಜಾಸ್ತಿ ಮನೆಗಳಿರುವ ಹಳೇ ಕಟ್ಟಡಗಳಿಗೆ. ಬ್ರೌನ್‌ಸ್ಟೋನ್‌ಗಳಲ್ಲಿ ಇರುವುದು ಎರಡು, ಮೂರು, ನಾಲ್ಕು ಮನೆ. ಹಾಗಾಗಿ ಇಲ್ಲಿ ಮೂವತ್ತು ವರ್ಷ ಬಾಡಿಗೆಗಿದ್ದವರಿಗೂ ಆ ರಕ್ಷಣೆ ಇಲ್ಲ. ಮನೆ ಕೈ ಬದಲಾಯಿಸಿದ ಕೂಡಲೇ ಅವರು ಹೊರಗೆ. ನಾನು ಇರುವ ಮಹಡಿಯಲ್ಲೂ ಹಿಂದೆ ಯಾರೋ ಇದ್ದರು. ಈ ಮಾತು ನನ್ನನ್ನು ಬಿಡುವುದಿಲ್ಲ.

ಇನ್ನೊಂದು ಇದಕ್ಕಿಂತ ಕೆಟ್ಟದ್ದು. ವಯಸ್ಸಾದ ಒಂಟಿ ಮಾಲೀಕರು, ತೆರಿಗೆ ಬಾಕಿಯೋ ಸಾಲದ ಕಂತು ಬಾಕಿಯೋ ಇರುತ್ತದೆ. ಸೂಟು ಹಾಕಿದವನೊಬ್ಬ ಬಾಗಿಲಿಗೆ ಬರುತ್ತಾನೆ. ನಿಮ್ಮ ಸಾಲ ಸರಿ ಮಾಡಿಸಿಕೊಡುತ್ತೇನೆ ಅನ್ನುತ್ತಾನೆ. ಒಂದು ಕಟ್ಟು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾನೆ. ಅದರ ಮಧ್ಯದಲ್ಲಿ ಮನೆಯ ಕ್ರಯಪತ್ರ ಇರುತ್ತದೆ. ಕೆಲವು ತಿಂಗಳ ನಂತರ ಯಾವುದೋ ಹೆಸರು ಕೇಳದ ಕಂಪನಿಯಿಂದ ಮನೆ ಖಾಲಿ ಮಾಡಿ ಅಂತ ನೋಟಿಸು. ಕೆಲವೊಮ್ಮೆ ಸಹಿಯೇ ನಕಲಿ. ಇದಕ್ಕೆ ಇಲ್ಲಿ ಡೀಡ್ ಥೆಫ್ಟ್ ಅನ್ನುತ್ತಾರೆ. ಹೆಚ್ಚು ಪೆಟ್ಟು ತಿಂದದ್ದು ಬ್ರೂಕ್ಲಿನ್‌ನ ಇಂಥ ಬಡಾವಣೆಗಳ ಹಿರಿಯ ಕಪ್ಪು ಮಾಲೀಕರು. ಬ್ಯಾಂಕು ಸಾಲ ಕೊಡದ ಕಾಲದಲ್ಲಿ ಕೈ ಬಿಡದ ಮನೆಗಳು, ಬೆಲೆ ಬಂದ ಕಾಲದಲ್ಲಿ ಒಂದು ಸಹಿಯಲ್ಲಿ ಹೋದವು. 2024ರಲ್ಲಿ ನ್ಯೂಯಾರ್ಕ್ ರಾಜ್ಯ ಇದನ್ನು ಕಳ್ಳತನದ ಅಪರಾಧ ಅಂತ ಸ್ಪಷ್ಟವಾಗಿ ಕಾನೂನಿಗೆ ಸೇರಿಸಿತು.

ನಗರದ ಹಣಕಾಸು ಇಲಾಖೆಯಲ್ಲಿ ಒಂದು ಉಚಿತ ವ್ಯವಸ್ಥೆ ಇದೆ. ನಿಮ್ಮ ಮನೆಯ ಹೆಸರಿನಲ್ಲಿ ಯಾವುದೇ ಪತ್ರ ನೋಂದಣಿಯಾದರೆ ನಿಮಗೆ ಇಮೇಲೋ ಮೆಸೇಜೋ ಬರುತ್ತದೆ. ಆದರೆ ಮೊದಲು ಹೆಸರು ಕೊಟ್ಟು ಸೇರಿಕೊಂಡಿರಬೇಕು. ನಮ್ಮ ಬೀದಿಯ ಹಿರಿಯರಲ್ಲಿ ಹಲವರಿಗೆ ಇದು ಗೊತ್ತಿರಲಿಲ್ಲ, ಕೆಲವರಿಗೆ ಇಮೇಲೇ ಇಲ್ಲ. ಈಗ ಬ್ಲಾಕ್ ಅಸೋಸಿಯೇಷನ್‌ನವರು ಶನಿವಾರ ಮಧ್ಯಾಹ್ನ ಚರ್ಚಿನ ನೆಲಮಾಳಿಗೆಯಲ್ಲಿ ಕೂತು ಒಬ್ಬೊಬ್ಬರನ್ನೇ ಸೇರಿಸುತ್ತಿದ್ದಾರೆ. ನಾನೂ ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗುತ್ತೇನೆ. ಎದುರು ಮನೆ ಅಜ್ಜಿ ತಮ್ಮ ತೆರಿಗೆ ರಸೀದಿ, ಹಳೇ ಕ್ರಯಪತ್ರ ಎಲ್ಲವನ್ನೂ ಬಿಸ್ಕತ್ತಿನ ಡಬ್ಬಿಯಲ್ಲಿ ತಂದಿದ್ದರು. ನಂಬರು ಟೈಪ್ ಮಾಡುವಾಗ ಪಕ್ಕದಲ್ಲೇ ನಿಂತು "ನಿಧಾನ ಮಗಾ, ಇನ್ನೊಂದು ಸಲ ನೋಡಿಕೋ" ಅಂದರು. ಎರಡು ಸಲ ನೋಡಿದೆ. ಅವರದ್ದು ಆಯಿತು. ಬೀದಿಯ ಆ ತುದಿಯ ಮನೆಗಳು ಇನ್ನೂ ಬಾಕಿ ಇವೆ, ಬರುವ ಶನಿವಾರಕ್ಕೆ ಇನ್ನೂ ಇಬ್ಬರು ಲ್ಯಾಪ್‌ಟಾಪ್ ಇರುವವರು ಬೇಕು ಅಂತ ಬೋರ್ಡ್ ಹಾಕಿದ್ದೇವೆ.